ಹಂಡೆಯೊಳಗೆ ನಿಂತ ತಾತ

ಹೊಲಿಗೆಯ ಅಕ್ಕನ ಮಗಳು ಗುಬ್ಬಿಗೆ ಮೂರು ದಿನದಿಂದ ಹೊಟ್ಟೆನೋವು. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಶುರುವಾಗುತ್ತಿತ್ತು, ಹತ್ತು ಗಂಟೆ ದಾಟಿದರೆ ಮಾಯವಾಗುತ್ತಿತ್ತು. ಇಂಥ ಹೊಟ್ಟೆನೋವು ನಿಮ್ಮ ಮನೆಗೂ ಬಂದಿರಬಹುದು.

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಮಗಳನ್ನು ಎದುರಿಗೆ ಕೂರಿಸಿಕೊಂಡಳು. "ನಿಜ ಹೇಳೇ, ಏನಾಯ್ತು?"

ಗುಬ್ಬಿ ಬಿಕ್ಕಿ ಬಿಕ್ಕಿ ಅತ್ತು ಬಾಯಿ ಬಿಟ್ಟಳು. ತರಗತಿಯಲ್ಲಿ ಟೀಚರು ಎಲ್ಲರ ತಾತಂದಿರ ಕೆಲಸ ಕೇಳಿದ್ದರು. ಒಬ್ಬರ ತಾತ ಎಂಜಿನಿಯರು, ಇನ್ನೊಬ್ಬರ ತಾತ ಮೇಷ್ಟ್ರು. ಗುಬ್ಬಿಯ ತಾತ ಬೀದಿ ಬೀದಿ ತಿರುಗಿ ತಾಮ್ರದ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುತ್ತಿದ್ದವರು. ನಾಚಿಕೆಯಾಗಿ ಅವಳು "ನಮ್ಮ ತಾತ ಡಾಕ್ಟರು" ಎಂದುಬಿಟ್ಟಿದ್ದಳು. "ಹಾಗಾದ್ರೆ ಅವರದೊಂದು ವಸ್ತು ತಂದು ತೋರಿಸಮ್ಮಾ" ಎಂದಿದ್ದರು ಟೀಚರು.

ಅಕ್ಕ ಮಗಳ ಕಣ್ಣೊರೆಸಿದಳು. ಬೈಯುವುದಾದರೂ ಯಾವ ಬಾಯಲ್ಲಿ? ತನ್ನಪ್ಪ ತೀರಿಕೊಂಡ ಮೇಲೆ ಅವರ ಗಾಳಿ ಊದುವ ತಿದಿ, ಇಕ್ಕಳ ಎಲ್ಲವನ್ನೂ ಗುಜರಿಗೆ ಹಾಕಿದವಳು ತಾನೇ.

ಸಂಜೆ ಪಕ್ಕದ ಮನೆಯ ಗೆಳತಿ ಬಂದಳು. ಅವಳಿಗೆ ಮ್ಯೂಸಿಯಂನಲ್ಲಿ ಕಾವಲಿನ ಕೆಲಸ. ಎಲ್ಲ ಕೇಳಿಸಿಕೊಂಡು, "ಭಾನುವಾರ ಇಬ್ರೂ ನಮ್ಮ ಮ್ಯೂಸಿಯಂಗೆ ಬನ್ನಿ. ಕಸುಬುಗಳದ್ದೇ ಒಂದು ಹೊಸ ಕೋಣೆ ತೆಗೆದಿದಾರೆ. ಕಲಾಯಿಯವರ ಸಾಮಾನೂ ಇದೆ" ಎಂದಳು.

"ಅಯ್ಯೋ ಬಿಡೇ, ಅದೆಲ್ಲ ಓದ್ಕೊಂಡೋರಿಗೆ. ಗೋಡೆ ತುಂಬಾ ಬರೆದಿರ್ತಾರೆ. ನನಗೆ ಅಕ್ಷರ ಬರಲ್ಲ. ಮಗಳ ಮುಂದೆ ಪೆಚ್ಚಾಗಿ ನಿಲ್ಲಬೇಕಾ?"

"ಅಕ್ಷರ ಬರದಿದ್ರೇನಕ್ಕಾ, ಕಿವಿ ಇಲ್ವಾ? ಒಂದೊಂದು ವಸ್ತುವಿನ ಪಕ್ಕ ಚೌಕದ ಗುರುತು ಅಂಟಿಸಿದಾರೆ. ಅದರ ಮುಂದೆ ಫೋನ್ ಹಿಡಿದ್ರೆ ಫೋನೇ ಮಾತಾಡುತ್ತೆ. ಫೋನ್ ಇಲ್ಲದೋರಿಗೆ ಬಾಗಿಲಲ್ಲೇ ಒಂದು ಕೊಡ್ತಾರೆ."

"ಏನಾದ್ರೂ ಮುಟ್ಟಿ ಬೈಸಿಕೊಂಡ್ರೆ?"

"ಮುಟ್ಟಿ ನೋಡೋಕೂ ಕೆಲವು ಇಟ್ಟಿದಾರೆ. ಅಲ್ಲಿ ಬೈಯೋ ಕೆಲಸ ನಂದೇ ತಾನೇ!"

ಭಾನುವಾರ ಅಕ್ಕ ಅಳುಕುತ್ತಲೇ ಒಳಗೆ ಕಾಲಿಟ್ಟಳು. ಗುಬ್ಬಿ ಮಗ್ಗದ ಮುಂದೆ ಫೋನ್ ಹಿಡಿದಳು, ಲಟಕ್ ಪಟಕ್ ಸದ್ದು ಕೇಳಿಸಿತು. ದೊಡ್ಡ ಪರದೆಯ ಮೇಲೆ ಒಡೆದ ಮಡಕೆಯ ಚೂರುಗಳನ್ನು ಬೆರಳಿನಿಂದ ಸರಿಸಿ ಜೋಡಿಸಿದಳು. ಹೊಟ್ಟೆನೋವಿನ ಮುಖ ಎಲ್ಲಿ ಹೋಯಿತೋ!

ಕಲಾಯಿಯ ಮೂಲೆಗೆ ಬಂದಾಗ ಅಕ್ಕನ ಕಾಲು ನೆಟ್ಟಂತಾಯಿತು. ತಿದಿ, ಇಕ್ಕಳ, ತವರದ ಗಟ್ಟಿ. ಪಕ್ಕದಲ್ಲಿ, ಎರಡೂ ತುದಿಗೆ ಹಗ್ಗ ಕಟ್ಟಿದ, ನಡುವೆ ಸವೆದು ನುಣುಪಾದ ಮರದ ಹಿಡಿ. ಗುಬ್ಬಿ ಫೋನ್ ಹಿಡಿದಳು. "ಇದನ್ನು ಯಾತಕ್ಕೆ ಬಳಸುತ್ತಿದ್ದರೋ ನಮಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ" ಎಂದಿತು ಫೋನು.

"ಇಷ್ಟೂ ಗೊತ್ತಿಲ್ವಾ ಇವ್ರಿಗೆ!" ಅಕ್ಕನ ದನಿ ಕೋಣೆಯಲ್ಲೆಲ್ಲ ಮೊಳಗಿತು.

ಮ್ಯೂಸಿಯಂನ ಮೇಡಂ ಓಡಿಬಂದರು. ಅಕ್ಕ ಕೈಮುಗಿದಳು. "ತಪ್ಪಾಯ್ತು ಮೇಡಂ, ಬಾಯ್ತಪ್ಪಿ..."

"ತಪ್ಪೇನಮ್ಮಾ? ಈ ಕೋಣೆ ತೆಗೆದಾಗಿನಿಂದ ಬಂದೋರನ್ನೆಲ್ಲ ಕೇಳ್ತಿದೀವಿ. ನಿಮಗೆ ಗೊತ್ತಾ? ಹೇಳಿ, ಹೇಳಿ!"

"ದೊಡ್ಡ ಹಂಡೆ ತಳಕ್ಕೆ ಕೈ ಎಟುಕಲ್ಲ ಮೇಡಂ. ಒಳಗೆ ಮರಳು, ಚಿಂದಿ ಬಟ್ಟೆ ಹಾಕಿ ನಮ್ಮಪ್ಪ ಅದರೊಳಗೇ ಇಳಿದು ನಿಲ್ಲೋರು. ಈ ಹಿಡೀನ ಮರದ ಕೊಂಬೆಗೆ ಕಟ್ಟಿ ಇಳಿಬಿಟ್ಟು, ಎರಡು ಕೈಲೂ ಹಿಡ್ಕೊಂಡು, ಕಾಲು ಹೀಗೆ ತಿರುಗಿಸಿ ತಿರುಗಿಸಿ ಉಜ್ಜೋರು. ಕಿಲುಬೆಲ್ಲ ಹೋದ ಮೇಲೆ ಕಾಯಿಸಿ ತವರ ಹಚ್ಚೋರು. ಕಲಾಯಿ ಹೋದ ಪಾತ್ರೇಲಿ ಹುಳಿ ಪದಾರ್ಥ ಇಟ್ರೆ ವಿಷ ಆಗೋದು. ಊರೋರ ಹೊಟ್ಟೆ ಕಾಯ್ತಿದ್ದೋರು ನಮ್ಮಪ್ಪ."

ಹೇಳುತ್ತ ಹೇಳುತ್ತ ಅಕ್ಕನ ಕಾಲು ತಾನಾಗಿ ತಿರುಗುತ್ತಿತ್ತು. ಗುಬ್ಬಿ ಕಣ್ಣರಳಿಸಿದಳು. "ತಾತ ಹಂಡೆಯೊಳಗೆ ಕುಣೀತಿದ್ರಾ ಅಮ್ಮಾ?"

"ಕುಣಿದ ಹಾಗೇ ಕಣೇ!" ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮೇಡಂ ಕೇಳಿದರು: "ನೀವು ಒಪ್ಪಿದ್ರೆ ಇದನ್ನ ನಿಮ್ಮ ದನೀಲೇ ರೆಕಾರ್ಡ್ ಮಾಡಿ ಇಲ್ಲಿಡ್ತೀವಿ. ಬಂದೋರೆಲ್ಲ ಕೇಳಲಿ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದಳು.

ಮನೆಯ ದಾರಿಯಲ್ಲಿ ಗುಬ್ಬಿ ಅಂದಳು, "ನಾಳೆ ಸ್ಕೂಲಿಗೆ ಹೋಗ್ತೀನಿ. ಸುಳ್ಳು ಹೇಳಿದ್ದೆ ಅಂತ ಒಪ್ಕೋತೀನಿ."

"ಟೀಚರ್ ಬೈದ್ರೆ?"

"ಬೈಲಿ. ಆಮೇಲೆ ತಾತನ ಕತೆ ಕೇಳ್ತಾರಲ್ಲ."

ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಅಕ್ಕ ನಿರಾಳವಾಗಿ ಉಸಿರು ಬಿಟ್ಟಳು.

ಟೀಚರು ಬೈಯಲಿಲ್ಲ. ಮುಂದಿನ ವಾರ ಇಡೀ ತರಗತಿಯನ್ನೇ ಮ್ಯೂಸಿಯಂಗೆ ಕರೆತಂದರು. ಗುಬ್ಬಿ ಫೋನ್ ಹಿಡಿದಳು, ಅಮ್ಮನ ದನಿ ಹೊಮ್ಮಿತು. ನಲವತ್ತು ಮಕ್ಕಳು ಇಲ್ಲದ ಹಂಡೆಯೊಳಗೆ ಇಳಿದು ಕಾಲು ತಿರುಗಿಸಿದರು. ಟೀಚರೂ ತಿರುಗಿಸಿದರು. ಬಾಗಿಲ ಹಿಂದೆ ನಿಂತಿದ್ದ ಅಕ್ಕ ನಕ್ಕು ನಕ್ಕು ಸುಸ್ತಾದಳು.

ಅಕ್ಕಂದಿರೇ, ಅಣ್ಣಂದಿರೇ, ಮ್ಯೂಸಿಯಂ ಬರೀ ರಾಜರ ಕತ್ತಿಗಳ ಮನೆಯಲ್ಲ. ಬಿಡುವಿನ ದಿನ ಮಕ್ಕಳ ಕೈ ಹಿಡಿದು ಹೋಗಿ. ಓದು ಬರದಿದ್ದರೆ ಕೇಳಿ ತಿಳಿಯುವ ಏರ್ಪಾಡು ಇದೆಯೇ ಎಂದು ಬಾಗಿಲಲ್ಲೇ ವಿಚಾರಿಸಿ. ಗೊತ್ತಿಲ್ಲದ್ದನ್ನು ಕೇಳಿ, ಗೊತ್ತಿದ್ದರೆ ಧೈರ್ಯವಾಗಿ ಹೇಳಿ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಅವರ ಕೆಲಸದ ಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಅದನ್ನು ಅವರಷ್ಟು ಚೆನ್ನಾಗಿ ಹೇಳುವವರು ಬೇರೆ ಯಾರೂ ಇಲ್ಲ.