ಮುಕ್ಕಾಲು ಪೀಠ

ಬೀದಿಯವರೆಲ್ಲ ಹೊಲಿಗೆ ಅತ್ತೆ ಎಂದು ಕರೆಯುವವಳ ಅಂಗಡಿಯ ನೆಲ ಏರುಪೇರು. ನಾಲ್ಕು ಕಾಲಿನ ಕುರ್ಚಿ ಯಾವುದಿಟ್ಟರೂ ಕುಂಟುತ್ತದೆ. ಮೂರು ಕಾಲಿನದು ಎಂಥ ನೆಲದಲ್ಲೂ ಗಟ್ಟಿಯಾಗಿ ನಿಲ್ಲುತ್ತದೆಂದು ಅವಳಿಗೊಂದು ಮುಕ್ಕಾಲಿ ಬೇಕಿತ್ತು.

ಪಕ್ಕದ ಬೀದಿಯ ಬಡಗಿ ಈಗ ಆನ್‌ಲೈನಿನಲ್ಲೂ ಮಾರುತ್ತಿದ್ದ. ಆದರೆ ಕಡಲಾಚೆಯ ಅಂಗಡಿಯೊಂದು ಅವನ ಅರ್ಧ ಬೆಲೆಗೇ ಫೋನಿನೊಳಗಿಂದ ಹಲ್ಲು ಕಿರಿಯುತ್ತಿತ್ತು. ಅಲ್ಲಿ ‘ಮುಕ್ಕಾಲು ಪೀಠ’ ಎಂದಿತ್ತು. ಪಾಪ, ಪರದೇಶದವರು, ಕನ್ನಡ ತಪ್ಪು ಬರೆದಿದ್ದಾರೆ ಎಂದುಕೊಂಡ ಅತ್ತೆ, ಮನಸ್ಸಿನಲ್ಲೇ ಕೊಂಬು ಅಳಿಸಿ ಗುಡಿಸು ಹಾಕಿ, ‘ಮುಕ್ಕಾಲಿ’ ಎಂದೇ ಓದಿಕೊಂಡು ತರಿಸಿಕೊಂಡಳು.

ಬಂದದ್ದು ಮುಕ್ಕಾಲೇ. ಕಾಲೇನೋ ಮೂರಿದ್ದವು, ಅಳತೆ ಮಾತ್ರ ಮುಕ್ಕಾಲು ಭಾಗ. ಕೂತರೆ ಅತ್ತೆಯ ಗದ್ದ ಹೊಲಿಗೆ ಮಿಷನ್ನಿಗೆ ತಾಗುತ್ತಿತ್ತು.

ಮೈಯೆಲ್ಲ ಉರಿದು, ಬಾಯಿಗೆ ಬಂದದ್ದನ್ನೆಲ್ಲ ಬರೆದು ಕಳಿಸಿದಳು. ತಕ್ಷಣ ಉತ್ತರ ಬಂತು: ‘ಪ್ರಿಯ ಮಿತ್ರರೇ, ನಿಮ್ಮ ಮೆಚ್ಚುಗೆಯಿಂದ ಸಂತೋಷವಾಯಿತು.’ ಮತ್ತೆ ಬೈದಳು. ಮತ್ತೆ ಸಂತೋಷ.

ಕೊನೆಗೆ ಬಡಗಿಯ ಪುಟದಲ್ಲಿ ಒಂದು ಮುಕ್ಕಾಲಿಗೆ ಆರ್ಡರ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ.

“ಅಕ್ಕಾ, ನಿಮ್ಮ ಮಿಷನ್ ಎಷ್ಟು ಎತ್ತರ ಇದೆ?”

“ಅಷ್ಟೂ ಗೊತ್ತಿಲ್ದೆ ಅಂಗಡಿ ಇಟ್ಟಿದ್ದೀಯೇನೋ?” ಎಂದು ಶುರುಮಾಡಿದ ಅತ್ತೆ, ಕಡಲಾಚೆಯವರಿಗೆ ಸಲ್ಲಬೇಕಾಗಿದ್ದ ಬೈಗುಳವನ್ನೆಲ್ಲ ಅವನ ತಲೆಯ ಮೇಲೆ ಸುರಿದಳು.

ಅವನು ಪೂರ್ತಿ ಕೇಳಿದ. “ಆಯ್ತಾ ಅಕ್ಕಾ? ಈಗ ಎತ್ತರ ಹೇಳಿ.”

ಅತ್ತೆ ಮನಸ್ಸು ಹಗುರಾಗಿ ಟೇಪು ಕೈಗೆತ್ತಿಕೊಂಡಳು. ಮುಕ್ಕಾಲಿ ಬರುವ ಮೊದಲೇ ಅವನ ಪುಟದಲ್ಲಿ ಐದೂ ನಕ್ಷತ್ರ ಒತ್ತಿ, ಕೆಳಗೆ ಬರೆದಳು: ‘ಬೈದರೆ ಕೇಳಿಸಿಕೊಳ್ಳುತ್ತಾನೆ.’