ಶಾಹೀಸ್ತಾಳ ಜಗ್ಗು

ತೀರಿಕೊಂಡ ಲಕ್ಷ್ಮಣನ ದಿನಕರ್ಮ ಮುಗಿಸಿಕೊಂಡು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ನಳದಲ್ಲಿ ನೀರು ಬಂತು. ಮೇಘಾ ಕೊಡಗಳನ್ನು ತುಂಬಿದಳು. ಅಭ್ಯಾಸದಂತೆ ಗಂಡನ ನೀಲಿ ಮುಚ್ಚಳದ ಜಗ್ಗನ್ನೂ ನಳದ ಕೆಳಗೆ ಇಟ್ಟಳು.

"ಅದು ನಮ್ಮದಲ್ಲವ್ವ, ಎದುರುಮನಿ ಶಾಹೀಸ್ತಾಂದು," ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಅಮರಮ್ಮ ಹೇಳಿದಳು. "ನಿಮ್ಮ ಮದುವಿಗಿಂತ ಮೊದ್ಲ ಇಸಗೊಂಡು ಬಂದಿದ್ದ. ದಿನಾ ಒಂದು ಜಗ್ಗು ಖಾಲಿ ಮಾಡಂದಿದ್ರಲ್ಲ ಡಾಕ್ಟರು."

"ಯಾವ ಡಾಕ್ಟರು?"

ಅಮರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಸ್ಕಿಯಲ್ಲಿ ಮೂತ್ರದ ಹರಳು ಯಾರಿಗಿಲ್ಲ? ಲಕ್ಷ್ಮಣನ ಕಿಡ್ನಿ ಹೋದದ್ದಕ್ಕೂ ಎಲ್ಲರೂ ಬೋರಿನ ನೀರನ್ನೇ ಬಯ್ದರು. ಸಿಂಧನೂರಿನ ಕಾಲೇಜಿನಲ್ಲಿ ಜೀವರಸಾಯನ ಕಲಿಸುವ ಮೇಘಾಳೂ ಬಯ್ದಿದ್ದಳು. ಫಿಲ್ಟರ್ ಕೊಂಡಿದ್ದಳು.

ಅವನಿದ್ದಾಗ ಒಂದು ಸಂಜೆ ಮರುದಿನದ ಪಾಠಕ್ಕೆಂದು ಅವಳು ಮಗಳ ಪಾಟಿಯ ಮೇಲೆ ಗ್ಲೈಸಿನ್ ಎಂಬ ಅಮೈನೋ ಆಮ್ಲದ ದಾರಿ ಬರೆದಿದ್ದಳು. ದೇಹ ಅದನ್ನು ಬಹುಪಾಲು ಒಡೆದು ಮುಗಿಸುತ್ತದೆ. ಸ್ವಲ್ಪ ಮಾತ್ರ ಅಡ್ಡದಾರಿ ಹಿಡಿದು ಗ್ಲೈಆಕ್ಸಿಲೇಟ್ ಆಗುತ್ತದೆ; ಯಕೃತ್ತಿನ ಒಂದು ಕಿಣ್ವ ಅದನ್ನು ಮತ್ತೆ ಗ್ಲೈಸಿನ್ ಮಾಡಿ ತರುತ್ತದೆ. ಲಕ್ಷ್ಮಣ ಪಕ್ಕದಲ್ಲಿ ಶೇಂಗಾ ಸುಲಿದು ಅವಳಿಗೆ ಕೊಡುತ್ತಿದ್ದ. ತಾನು ಒಂದೂ ತಿನ್ನಲಿಲ್ಲ.

"ಆ ಕಿಣ್ವ ಹುಟ್ಟಿನಿಂದನ ಇರಲಿಲ್ಲಂದ್ರ, ಮೇಡಮ್ಮೋರ?"

"ಆಕ್ಸಲೇಟ್ ಆಗಿ ಕಿಡ್ನ್ಯಾಗ ಕಲ್ಲು ಕೂಡ್ತಾವ. ಕಡೀಕ ಕಿಡ್ನಿನೂ ಹೋಗ್ತಾವ."

"ಮಕ್ಕಳಿಗೂ ಬರ್ತೈತೇನು?"

"ಕಳ್ಳುಬಳ್ಳಿಯಾಗ ಮದುವ್ಯಾಗಿದ್ರ ಬರಬಹುದು. ಪರೀಕ್ಷಾ ಬರಿಯವರೇನ್ರಿ ನೀವು?"

ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ.

ಜಗ್ಗು ತುಂಬಿ ಹರಿಯಿತು. ಅಮರಮ್ಮ ಅವಳಿಗೆ ಸೋದರತ್ತೆ, ಅಪ್ಪನ ಒಡಹುಟ್ಟಿದ ತಂಗಿ.

"ಅಪ್ಪಗ ಗೊತ್ತಿತ್ತೇನು?"

"ಗೊತ್ತಿತ್ತವ್ವ. ಹೊರಗಿನೋರು ಯಾರು ಹೆಣ್ಣು ಕೊಡ್ತಾರ? ನೀನರ ಕೈ ಹಿಡಿ ಅಣ್ಣಾ ಅಂತ ಕಾಲು ಬಿದ್ದೆ."

ಮೇಘಾ ನೀರು ಚೆಲ್ಲಿ ಜಗ್ಗನ್ನು ಉಜ್ಜಿದಳು. ತಳದ ಬಿಳಿ ಕರೆ ಹೋಗಲಿಲ್ಲ. ಎರವಲು ತಂದದ್ದನ್ನು ಬರಿದಾಗಿ ಹಿಂದಿರುಗಿಸಬಾರದು. ಸಕ್ಕರೆಯೋ ಕಾಳೋ ಹಾಕಿ ಕೊಡುವುದು ಓಣಿಯ ರೂಢಿ. ಅವಳು ಮತ್ತೆ ನೀರನ್ನೇ ತುಂಬಿ, ಮಗಳು ಪಂಪಾವತಿಯ ಕೈ ಹಿಡಿದು ಓಣಿ ದಾಟಿದಳು.

"ಯಾ ಅಲ್ಲಾ, ಇದಕ್ಯಾಕ ಬಂದಿ ಬೇಟಾ?" ಶಾಹೀಸ್ತಾ ಕಣ್ಣೊರೆಸಿಕೊಂಡಳು. "ಇಟ್ಕೋ. ಕೂಸಿಗಿ ಆಕೈತಿ."

"ಬ್ಯಾಡ ಚಾಚಿ. ನಾಳಿ ರಾಯಚೂರಿಗೆ ಹೋಗಿ ಇಕೀನ್ನ ಡಾಕ್ಟರಿಗೆ ತೋರಿಸಬೇಕು."

ಮೇಘಾ ಜಗ್ಗನ್ನು ಮೆಟ್ಟಿಲ ಮೇಲೆ ಇಟ್ಟಳು. ಮುಚ್ಚಳ ಬಿಚ್ಚಿ, ಆ ಮುಚ್ಚಳಕ್ಕೇ ಜಗ್ಗಿನ ನೀರು ಬಗ್ಗಿಸಿ ಮಗಳ ತುಟಿಗೆ ತಂದಳು. ಹುಡುಗಿ ಅರ್ಧ ಕುಡಿದು ಮುಖ ತಿರುಗಿಸಿತು.

"ಇನ್ನೊಂದು ಗುಟುಕು," ಎಂದು ಮೇಘಾ ಮುಚ್ಚಳ ಹಿಡಿದೇ ಕೂತಳು.