ಆರೋಗ್ಯ ಮಂತ್ರಿ ಕಾಣೆ

ದುಡ್ಡು ಕೊಟ್ಟು ಪತ್ರಿಕೆ ಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೊಳ್ಳುತ್ತಾರೆ, ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ, ಆಫೀಸಿಗೆ ಹೋಗಿ ಅದರ ಮೇಲೆ ಬ್ರೆಡ್ಡಿಟ್ಟುಕೊಂಡು ತಿನ್ನುತ್ತಾರೆ. ಸುದ್ದಿಯ ರುಚಿ ಅವರಿಗೇನು ಗೊತ್ತು, ಮಣ್ಣು! ಅದು ಬೇಕಾದರೆ ಬೆಳಿಗ್ಗೆ ಅಬಿಜಾನ್ ನಗರದ ಯೊಪುಗೊನ್ ಬಡಾವಣೆಯಲ್ಲಿ ನಮ್ಮ ಟಾಂಟಿಯ ಅಂಗಡಿ ಮುಂದೆ ಬಂದು ನಿಲ್ಲಬೇಕು. ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಿದ ಅಷ್ಟೂ ಪತ್ರಿಕೆಗಳ ತಲೆಬರಹಗಳನ್ನು ನಾವು ಕೈಕಟ್ಟಿಕೊಂಡು ಓದುತ್ತೇವೆ. ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕೊಳ್ಳಬೇಕು. ಓದಿ ಮುಗಿಸಿದ ಮೇಲೆ ಮಾತು ಶುರು. ಅಬಿಜಾನ್‌ನಲ್ಲಿ ನಮ್ಮಂಥವರನ್ನು ತಲೆಬರಹದ ಪಂಡಿತರು ಎಂದು ಕರೆಯುತ್ತಾರೆ. ಕರೆಯಲಿ. ಒಳಪುಟ ತೆರೆದು ನೋಡುವುದೆಂದರೆ ನಮಗೆ ಮರ್ಯಾದೆಗೇಡು.

ಟಾಂಟಿ ವಯಸ್ಸಿನಲ್ಲಿ ನನಗಿಂತ ಚಿಕ್ಕವಳೇ. ಆದರೂ ತಿನ್ನಲು ಕೊಡುವ ಹೆಂಗಸು ಊರಿಗೆಲ್ಲ ಟಾಂಟಿ, ಅಂದರೆ ಚಿಕ್ಕಮ್ಮ. ಬೆಳಿಗ್ಗೆ ಪತ್ರಿಕೆ ಮಾರುತ್ತಾಳೆ, ಮಧ್ಯಾಹ್ನದಿಂದ ಅದೇ ಮಾವಿನ ಮರದ ಕೆಳಗೆ ಬಾಣಲೆ ಇಟ್ಟು ಬಾಳೆಹಣ್ಣಿನ ಆಲೊಕೊ ಕರಿಯುತ್ತಾಳೆ.

ಆಕೆಯದು ಒಂದೇ ಕಾನೂನು. ಅಂಗಡಿ ಮುಂದೆ ಯಾರೂ ಹೆಸರು ಹೇಳಕೂಡದು. ಗಲಭೆಯ ವರ್ಷಗಳಲ್ಲಿ ಹುಟ್ಟಿದ ಕಾನೂನು ಅದು. "ಹೆಸರು ಹೇಳಿದ್ರೆ ಊರು ಗೊತ್ತಾಗತ್ತೆ. ಊರು ಗೊತ್ತಾದ್ರೆ ಪಾರ್ಟಿ ಗೊತ್ತಾಗತ್ತೆ. ಪಾರ್ಟಿ ಗೊತ್ತಾದ್ರೆ ನನ್ನ ಅಂಗಡಿ ಮೇಲೆ ಕಲ್ಲು ಬೀಳತ್ತೆ. ನಿಮ್ಮ ಹೆಸ್ರು ನಿಮ್ಮ ಮನೇಲಿಟ್ಕೊಂಡು ಬನ್ನಿ" ಅಂದುಬಿಟ್ಟಿದ್ದಳು. ಯಾರು ಯಾವ ಕಡೆಯವರೆಂಬ ಅಂದಾಜು ಎಲ್ಲರಿಗೂ ಇತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ರಾಜಕೀಯದ ತಲೆಬರಹಗಳನ್ನು ಓದಿ ಕೆಮ್ಮುತ್ತಿದ್ದೆವು, ಅಷ್ಟೆ. ಬಾಯ್ತುಂಬ ಮಾತಾಡಲು ಉಳಿದದ್ದು ಫುಟ್‌ಬಾಲು ಮತ್ತು ವಿಜ್ಞಾನ. ಮಂಗಳ ಗ್ರಹ ಇನ್ನೂ ಯಾವ ಪಾರ್ಟಿಗೂ ಸೇರಿಲ್ಲವಲ್ಲ!

ಹೆಸರಿಲ್ಲದೆ ಕರೆಯುವುದು ಹೇಗೆ? ಖಾತೆ ಹಂಚಿಕೊಂಡೆವು. ಆಕಾಶದ ಸುದ್ದಿಗೆ ಬಾಯಿ ಹಾಕುವ ನಾನು ಬಾಹ್ಯಾಕಾಶ ಮಂತ್ರಿ. ಕೆಲಸವಿಲ್ಲದೆ ಅಲೆಯುವ, ಯಾವಾಗಲೂ ಕಿತ್ತಳೆ ಜೆರ್ಸಿ ತೊಟ್ಟ ಒಬ್ಬ ಕ್ರೀಡಾ ಮಂತ್ರಿ. ರೋಗ, ಔಷಧಿಯ ಸುದ್ದಿಯೊಂದನ್ನೂ ಬಿಡದ, ಒಣಹುಲ್ಲಿನ ಟೋಪಿಯ, ಎತ್ತರದ, ನಿಧಾನ ನಗುವಿನ ಮನುಷ್ಯ ಆರೋಗ್ಯ ಮಂತ್ರಿ. ಆತನಿಗೂ ನನಗೂ ದಿನಾ ಜಗಳ. ಆ ಜಗಳಕ್ಕಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ.

"ಮಂಗಳದಲ್ಲಿ ನೀರು ಪತ್ತೆ" ಎಂದು ಬಂದ ದಿನ ಆತ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಮ್ಮ ಬೀದಿ ನಲ್ಲೀಲಿ ಮೊನ್ನೆಯಿಂದ ತೊಟ್ಟು ನೀರಿಲ್ಲ. ಎಲ್ಲಿಗ್ ಹೋಯ್ತು ಅಂತ ಈಗ ಗೊತ್ತಾಯ್ತು ನೋಡಿ."

"ನೀವು ಬಿಂದಿಗೆ ತಗೊಂಡು ಸಾಲಲ್ಲಿ ನಿಂತ್ಕೊಳ್ಳಿ, ನಾನು ರಾಕೆಟ್ ಕಳಿಸ್ತೀನಿ" ಅಂದೆ ನಾನು.

ಇನ್ನೊಂದು ದಿನ, "ಡಾಕ್ಟರ್ ಪರೀಕ್ಷೆಯಲ್ಲಿ ಯಂತ್ರಕ್ಕೆ ಮೊದಲ ಸ್ಥಾನ." ನಾನು ಎದೆಯುಬ್ಬಿಸಿ, "ಮಾನ್ಯ ಸಹೋದ್ಯೋಗಿಗಳೇ, ನಿಮ್ಮ ಖಾತೆ ಹೋಯ್ತು" ಅಂದೆ.

"ಅದರ ಕೈಬರಹ ಓದೋಕಾಗತ್ತಾ?"

"ಆಗ್ದೆ ಏನು? ಯಂತ್ರ ಅಲ್ವಾ?"

"ಹಾಗಾದ್ರೆ ಅದು ಡಾಕ್ಟರೇ ಅಲ್ಲ, ಬಿಡಿ" ಅಂದ. ಟಾಂಟಿ ಸೆರಗಿನಂತೆ ಹೊದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹಾಳಾದವನು, ಕೊನೆಯ ಮಾತು ಯಾವಾಗಲೂ ಆತನದೇ.

ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಶಾಲಾ ಬಸ್ಸು ಓಡಿಸುತ್ತಿದ್ದವನು. ಕಣ್ಣು ಮಂಜಾದ ಮೇಲೆ ಬಿಟ್ಟೆ. ಈಗ ತಲೆಬರಹದ ದಪ್ಪ ಅಕ್ಷರ ಬಿಟ್ಟರೆ ಬೇರೇನೂ ಓದಲಾಗದು. ಮಕ್ಕಳಿಲ್ಲ. ಹೆಂಡತಿ ಕ್ಲೆಮಾಂಸ್ ತೀರಿಕೊಂಡು ಆರು ವರ್ಷವಾಯಿತು. ವಠಾರದಲ್ಲಿ ಒಂದು ಕೋಣೆ, ಅಕ್ಕಪಕ್ಕದವರೆಲ್ಲ ಹೊಸಬರು, ಕಂಡರೆ "ಮುದುಕಪ್ಪಾ" ಅಂತ ಕೈಯೆತ್ತುತ್ತಾರೆ. ಟಾಂಟಿಯ ಅಂಗಡಿಯಿಂದ ವಾಪಸಾದ ಮೇಲೆ ಮರುದಿನದವರೆಗೂ ನನ್ನ ಬಾಯಿಗೆ ಕೆಲಸವಿರುವುದಿಲ್ಲ. ಕೆಲವು ಸಂಜೆ ರೇಡಿಯೊಗೇ ಉತ್ತರ ಕೊಡುತ್ತೇನೆ. ನಾಚಿಕೆಯೇನಿಲ್ಲ, ಒಂಟಿತನ ಅಂದರೆ ಹಾಗೇ.

ಅದಕ್ಕೂ ಒಂದು ತಲೆಬರಹ ಬಂತು. "ಒಂಟಿತನ: ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟೇ ಅಪಾಯ, ವಿಜ್ಞಾನಿಗಳ ಎಚ್ಚರಿಕೆ."

"ಥೂ, ಸಿಗರೇಟು ಬಿಟ್ಟು ನಾನೇನು ಸುಖ ಕಂಡೆ?" ಅಂದ ಕ್ರೀಡಾ ಮಂತ್ರಿ.

"ನೀನು ದುಡ್ಡು ಕೊಟ್ಟು ಸೇದ್ತಿದ್ದೆ. ನಾನು ನೋಡು, ಆರು ವರ್ಷದಿಂದ ಬಿಡಿಗಾಸು ಖರ್ಚಿಲ್ದೆ ಸೇದ್ತಾ ಇದೀನಿ!" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಆರೋಗ್ಯ ಮಂತ್ರಿ ಮಾತ್ರ ನಗಲಿಲ್ಲ. ನನ್ನನ್ನೇ ನೋಡಿ, "ಇಲಾಖೆ ಆದೇಶ ಹೊರಡಿಸ್ತಾ ಇದೀನಿ. ಬಾಹ್ಯಾಕಾಶ ಮಂತ್ರಿಗಳು ನಾಳೆಯಿಂದ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡೀಬೇಕು. ತಪ್ಪಿದ್ರೆ ದಂಡ" ಅಂದ. ಮರುದಿನ ಬಂದಾಗ ಮಾವಿನ ಮರದ ಕೆಳಗಿನ ಬೆಂಚಿನ ಮೇಲೆ ತನ್ನ ಟೋಪಿಯಿಟ್ಟು ಜಾಗ ಹಿಡಿದಿದ್ದ. ನಿತ್ಯವೂ ಹಾಗೇ ಆಯಿತು. ಪಕ್ಕದ ಗಾಡಿಯವನು ಸಕ್ಕರೆ ಹಾಲು ಸುರಿದು ಕೊಡುವ ಕಾಫಿ ಕುಡಿಯುತ್ತ ಆತ ಶನಿಗ್ರಹದ ಬಳೆಯನ್ನು ಆಡಿಕೊಳ್ಳುತ್ತಿದ್ದ, ನಾನು ಬೈಯುತ್ತಿದ್ದೆ.

ಹರ್ಮತ್ತನ್ ಗಾಳಿ ಧೂಳು ಹೊತ್ತು ತಂದ ವಾರ ಆತ ಬರಲಿಲ್ಲ.

"ಮಂಗಳಕ್ಕೆ ವರ್ಗ ಆಗಿರ್ಬೇಕು" ಅಂದ ಕ್ರೀಡಾ ಮಂತ್ರಿ. ನಕ್ಕೆವು. ಅದೇ ವಾರ ಒಂದು ಪತ್ರಿಕೆಯಲ್ಲಿ ಇಷ್ಟು ದಪ್ಪ ಅಕ್ಷರದಲ್ಲಿ ಬಂತು: "ದೂರದ ನಕ್ಷತ್ರದಿಂದ ಸಂಕೇತ! ಕಳಿಸುತ್ತಿರುವವರು ಯಾರು?"

"ಇನ್ಯಾರು? ನಮ್ಮ ಆರೋಗ್ಯ ಮಂತ್ರಿಗಳೇ. ರಜಾ ಚೀಟಿ ಕಳಿಸ್ತಿದಾರೆ" ಅಂದೆ ನಾನು. ಕೊನೆಯ ಮಾತು ಅಪರೂಪಕ್ಕೆ ನನ್ನದಾಯಿತು. ಆ ಪತ್ರಿಕೆಯ ಎದುರು ನಿಂತು ಬಹಳ ಹೊತ್ತು ನಕ್ಕೆವು. ದಾರಿಹೋಕರೂ ನಿಂತು ನಕ್ಕರು.

ಆದರೆ ಮುಂದಿನ ವಾರವೂ ಬೆಂಚು ಖಾಲಿ. ಕಾಫಿ ಅರ್ಧಕ್ಕೇ ಬಿಟ್ಟೆದ್ದೆ. ಹುಡುಕಿಯೇ ತೀರುತ್ತೇನೆಂದು ಹೊರಟೆ. ಆತ ದಿನವೂ ಬಸ್ಸಿಳಿಯುತ್ತಿದ್ದ ನಿಲ್ದಾಣದಲ್ಲಿ ಕೇಳಿದೆ, ಔಷಧಿ ಅಂಗಡಿಯಲ್ಲಿ ಕೇಳಿದೆ. ಕೊನೆಗೆ ಆಸ್ಪತ್ರೆಗೆ ಹೋದೆ.

"ಯಾರನ್ನ ನೋಡ್ಬೇಕು?" ಎಂದು ಕೇಳಿದಳು ಕಿಟಕಿಯಾಚೆಯ ನರ್ಸಮ್ಮ.

"ನಮ್ಮ ಸ್ನೇಹಿತರು. ಎತ್ತರಕ್ಕಿದ್ದಾರೆ. ಹುಲ್ಲಿನ ಟೋಪಿ ಹಾಕ್ತಾರೆ."

"ಹೆಸರು?"

"ನಾವು ಅವ್ರನ್ನ ಆರೋಗ್ಯ ಮಂತ್ರಿ ಅಂತೀವಮ್ಮ" ಅಂದೆ.

ಆಕೆ ಪೆನ್ನು ಕೆಳಗಿಟ್ಟಳು. "ಆರೋಗ್ಯ ಮಂತ್ರಿ ಈ ಆಸ್ಪತ್ರೆಗೆ ಬಂದಿದ್ರೆ ಫ್ಯಾನಾದ್ರೂ ತಿರುಗ್ತಿತ್ತಲ್ಲಪ್ಪಾ!" ಹಿಂದಿನ ಸಾಲಿನವರೆಲ್ಲ ಗೊಳ್ಳೆಂದು ನಕ್ಕರು. ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಅಂದು ನನಗೆ ಅಳು ಬಂತು. ಗುರುಗ್ರಹದ ಚಂದ್ರರ ಹೆಸರು ಬೇಕಾದರೆ ಕೇಳಿ, ಹೇಳುತ್ತೇನೆ. ದಿನಾ ನನ್ನ ಭುಜಕ್ಕೆ ಭುಜ ತಾಗಿಸಿ ಕೂತವನ ಹೆಸರು ನನಗೆ ಗೊತ್ತಿಲ್ಲ.

ಸೋತು ಸುಣ್ಣವಾಗಿ ಟಾಂಟಿಯ ಹತ್ತಿರವೇ ಬಂದೆ. ಆಕೆ ಮಾರದೆ ಉಳಿದ ಹಳೆ ಪತ್ರಿಕೆಯಲ್ಲಿ ಆಲೊಕೊ ಕಟ್ಟಿ ಕೈಗಿಟ್ಟಳು. ಹಸಿವಿರಲಿಲ್ಲ, ಸುಮ್ಮನೆ ಪೊಟ್ಟಣ ಬಿಚ್ಚಿ ಬೆಂಚಿನ ಮೇಲೆ ಹರಡಿದೆ. ಒಂದೆರಡು ತುಂಡು ಸರಿಸಿದರೆ ಎಣ್ಣೆ ಹೀರಿದ ಕಾಗದದಲ್ಲಿ ಹುಲ್ಲಿನ ಟೋಪಿ. ಟೋಪಿಯ ಕೆಳಗೆ ಆ ನಿಧಾನದ ನಗು.

"ಟಾಂಟೀ! ಇಲ್ ನೋಡು, ಪೇಪರ್ನಲ್ಲಿ ಬಂದ್ಬಿಟ್ಟಿದಾರೆ ನಮ್ಮ ಮಂತ್ರಿಗಳು! ಏನ್ ಬರ್ದಿದೆ ಓದು!" ಎಂದು ಕೂಗಿದೆ. ನಿಜವಾಗಿಯೂ ಖುಷಿಯಾಗಿತ್ತು ನನಗೆ. ದಡ್ಡ ಮುಂಡೇದು ನಾನು.

ಟಾಂಟಿ ಸಟ್ಟುಗ ಹಿಡಿದುಕೊಂಡೇ ಬಗ್ಗಿದಳು. ಓದುತ್ತ ಆಕೆಯ ದನಿ ಸಣ್ಣದಾಯಿತು. "ಅಸಾಮೊಯ್ ಬೋನಿಫಾಸ್. ನಿವೃತ್ತ ಅಂಚೆ ನೌಕರರು. ನಮ್ಮ ತಂದೆಯವರು ನಮ್ಮನ್ನಗಲಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ." ಸಟ್ಟುಗ ಕೆಳಗಿಟ್ಟಳು. "ಅಜೋಪೆಯಲ್ಲಿ ಶನಿವಾರ ಮಣ್ಣು. ಬಂಧುಗಳು, ಸ್ನೇಹಿತರು ಎಲ್ಲರೂ ಬರಬೇಕಾಗಿ ವಿನಂತಿ."

"ಯಾವ್ ಶನಿವಾರ?"

"ಹೋದ ಶನಿವಾರ, ಮಂತ್ರಿಗಳೇ."

ಕಾಗದ ತಿರುಗಿಸಿದೆ. ಅದೇ ದಪ್ಪ ಅಕ್ಷರ, ನನ್ನ ಕಣ್ಣಿಗೂ ಕಾಣುವಂಥದ್ದು: ದೂರದ ನಕ್ಷತ್ರದಿಂದ ಸಂಕೇತ! ಆತ ಇದ್ದದ್ದು ಮುಖಪುಟದ ಬೆನ್ನಲ್ಲೇ. ಸ್ನೇಹಿತರೆಲ್ಲ ಬನ್ನಿ ಎಂದು ಕರೆಯುತ್ತ ನಮ್ಮೆದುರೇ ಹಗ್ಗದಲ್ಲಿ ತೂಗುತ್ತಿದ್ದ, ನಾವು ಈಚೆ ಬದಿ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು ಆಗ. ಅಜೋಪೆಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುತ್ತಿದ್ದೆ.

ಆ ರಾತ್ರಿ ರೇಡಿಯೊ ಹಾಕಲಿಲ್ಲ. ನನ್ನ ಸರದಿ ಬಂದಾಗ ಏನಾಗುತ್ತದೆಂದು ಲೆಕ್ಕ ಹಾಕಿದೆ. ಆತನಿಗೆ ಫೋಟೊ ಹಾಕಿಸುವ ಮಕ್ಕಳಿದ್ದರು. ನನ್ನ ಕೋಣೆಯ ಬಾಗಿಲು ಒಡೆದವರು ಮುದುಕಪ್ಪ ಸತ್ತ ಅನ್ನುತ್ತಾರೆ, ಇತ್ತ ಅಂಗಡಿ ಮುಂದೆ ಬಾಹ್ಯಾಕಾಶ ಮಂತ್ರಿ ಚಂದ್ರನಿಗೆ ವರ್ಗವಾದ ಅನ್ನುತ್ತಾರೆ. ಇಬ್ಬರೂ ಒಬ್ಬನೇ ಎಂದು ಯಾರಿಗೂ ತಿಳಿಯುವುದಿಲ್ಲ. ಸಾವಿಗೆ ನಾನು ಹೆದರುವವನಲ್ಲ, ಇದಕ್ಕೆ ಹೆದರಿದೆ.

ಬೆಳಿಗ್ಗೆ ಅಂಗಡಿ ಮುಂದೆ "ಎರಡು ಸೂರ್ಯರಿರುವ ಗ್ರಹ ಪತ್ತೆ" ಎಂದು ತೂಗುತ್ತಿತ್ತು. ಟಾಂಟಿಯಿಂದ ವಿಷಯ ತಿಳಿದಿದ್ದ ಕ್ರೀಡಾ ಮಂತ್ರಿ ಸಪ್ಪಗೆ ನಿಂತಿದ್ದ. ನನ್ನನ್ನು ಕಂಡು, "ಎರಡು ಸೂರ್ಯ ಅಂದ್ರೆ... ಬಟ್ಟೆ ಬೇಗ ಒಣಗತ್ತೆ, ಅಲ್ವಾ?" ಅಂದ. ಪಾಪ, ನನಗೋಸ್ಕರ ಅಂದದ್ದು. ಯಾರೂ ನಗಲಿಲ್ಲ.

"ನನ್ನ ಹೆಸರು ಲಾಗೊ ಬಾರ್ತೆಲಮಿ" ಅಂದುಬಿಟ್ಟೆ.

ಕ್ರೀಡಾ ಮಂತ್ರಿ ಬೆಚ್ಚಿ ರಸ್ತೆಯ ಎರಡೂ ಬದಿ ನೋಡಿದ. ಲಾಗೊ ಅಂದ ಮೇಲೆ ಮುಗಿಯಿತಲ್ಲ, ದೇಶದ ಪಶ್ಚಿಮದ ಕಡೆಯವನು, ಇಂಥ ಪಾರ್ಟಿಯವನು. ಗಲಭೆಯಲ್ಲಿ ಟಾಂಟಿಯ ಅಣ್ಣನ ಅಂಗಡಿಗೆ ಬೆಂಕಿಯಿಟ್ಟ ಹುಡುಗರೂ ಇಂಥ ಹೆಸರಿನವರೇ. ಆ ಅಣ್ಣ ಮತ್ತೆ ಅಂಗಡಿ ತೆರೆಯಲಿಲ್ಲ ಎಂದು ಆಕೆಯೇ ಒಮ್ಮೆ ಹೇಳಿದ್ದಳು. ಎದ್ದು ಹೋಗು ಎಂದಿದ್ದರೆ ನಾನು ಹೋಗಬೇಕಿತ್ತು, ತಪ್ಪು ಆಕೆಯದಾಗುತ್ತಿರಲಿಲ್ಲ. ಆದರೆ ಬೇರೆ ಹೋಗುವ ಜಾಗವೂ ನನಗಿರಲಿಲ್ಲ.

ಟಾಂಟಿ ಕೈಯಲ್ಲಿದ್ದ ಕ್ಲಿಪ್ಪನ್ನು ಬಹಳ ಹೊತ್ತು ಒತ್ತಿ ಒತ್ತಿ ಬಿಟ್ಟಳು.

"ನೀವು ಹೋದಾಗ ಪೇಪರ್‌ಗೆ ಕೊಡೋಕೆ ನಿಮಗೆ ಮನೇಲಿ ಯಾರಿದಾರೆ?" ಎಂದು ಕೇಳಿದಳು.

"ಯಾರೂ ಇಲ್ಲ."

"ಹಂಗಾದ್ರೆ ನಾನು ಕೊಡ್ತೀನಿ. ಮುಖಪುಟದಲ್ಲೇ ಹಾಕಿಸ್ತೀನಿ. ಒಳಗೆ ಹಾಕಿದ್ರೆ ಈ ಮುಂಡೇವು ಯಾವತ್ತು ಓದ್ತವೆ?"

ಕ್ರೀಡಾ ಮಂತ್ರಿ ನಗಲು ಹೋಗಿ ಮೂಗೊರೆಸಿಕೊಂಡ. ಟಾಂಟಿ ನನ್ನ ಹತ್ತಿರ ಬಂದು, "ಹೆಸರು ಇನ್ನೊಂದ್ಸಲ ಹೇಳಿ, ತಪ್ಪಾಗಬಾರದು" ಅಂದಳು.

ಹೇಳಿದೆ. ಆಕೆ ಮೆಲ್ಲಗೆ, ಅಕ್ಷರ ತಪ್ಪದ ಹಾಗೆ, ಅದನ್ನು ತಿರುಗಿ ಹೇಳಿದಳು. ಕ್ಲೆಮಾಂಸ್ ಹೋದ ಮೇಲೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.